ಸುತ್ತೋಲೆಗೂ ಊರಿಗೂ ನಡುವೆ: ಕೊರೊನಾ ಕಾಲದ ಪಂಚಾಯಿತಿ ಕೆಲಸ

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ನಾನು ಮಂಡ್ಯ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿದ್ದೆ; ಅದು ಇಳಿದು ಹೋಗುವವರೆಗೂ ಅಲ್ಲಿಯೇ ಇದ್ದೆ. ಪಿಡಿಒ ಎಂದರೆ ಊರಿನವರ ಕಣ್ಣಿಗೆ ಸರ್ಕಾರ, ಸರ್ಕಾರದ ಕಣ್ಣಿಗೆ ಊರು. ಸಾಮಾನ್ಯ ದಿನಗಳಲ್ಲಿ ಈ ಎರಡನ್ನೂ ಹೇಗೋ ಸರಿದೂಗಿಸಿಕೊಂಡು ಹೋಗಬಹುದು. ಆ ಎರಡು ವರ್ಷಗಳಲ್ಲಿ ಸರಿದೂಗಿಸುವುದೇ ಇಡೀ ಕೆಲಸವಾಯಿತು. ಆಗಿನ ಕಷ್ಟಗಳ ಮಾತು ಬಂದಾಗಲೆಲ್ಲ ಹಾಸಿಗೆ, ಆಮ್ಲಜನಕ, ಲಸಿಕೆಗಳ ಕೊರತೆಯನ್ನೇ ಹೇಳುತ್ತೇವೆ, ಅದು ನಿಜವೂ ಹೌದು. ಆದರೆ ಪಂಚಾಯಿತಿ ಕಚೇರಿಯ ಮೇಜಿನಿಂದ ನಾನು ಹೆಚ್ಚು ಕಂಡದ್ದು ಇನ್ನೊಂದು ಕೊರತೆಯನ್ನು. ಮೇಲಿನಿಂದ ಬಂದ ಆದೇಶವನ್ನು ಊರು ಒಪ್ಪುವಂತೆ ಮಾಡಬಲ್ಲ, ಒಪ್ಪದಿದ್ದಾಗ ಅದೇ ಊರಿನ ಮುಂದೆ ನಿಂತು ಉತ್ತರ ಹೇಳಬಲ್ಲ ಜನ ಇದ್ದಾರೆಯೇ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಮೊದಲ ಅಲೆಯ ಏರುಹೊತ್ತನ್ನು ಚುನಾಯಿತ ಸದಸ್ಯರೇ ಇಲ್ಲದ ಪಂಚಾಯಿತಿಯಲ್ಲಿ, ಎರಡನೆಯ ಅಲೆಯನ್ನು ಹೊಸದಾಗಿ ಆಯ್ಕೆಯಾದ ಸದಸ್ಯರಿದ್ದ ಪಂಚಾಯಿತಿಯಲ್ಲಿ ದಾಟಿದ ಕಾರಣ, ಈ ವ್ಯತ್ಯಾಸವನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ನನಗೆ ತಾನಾಗಿಯೇ ಒದಗಿತು.

ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡು, ಅದು ದೇಶದ ಮೊದಲ ಕೋವಿಡ್ ಸಾವು ಎಂದು ಎರಡು ದಿನಗಳ ನಂತರ ದೃಢಪಟ್ಟಾಗಲೂ ನಮ್ಮ ಕಡೆ ಅದು ಪತ್ರಿಕೆಯ ಸುದ್ದಿಯಷ್ಟೇ ಆಗಿತ್ತು. ಲಾಕ್‌ಡೌನ್ ಜಾರಿಗೆ ಬಂದ ಮಾರ್ಚ್ 25 ಯುಗಾದಿಯ ದಿನ, ಮರುದಿನ ಹೊಸತೊಡಕು. ಹಳೇ ಮೈಸೂರು ಸೀಮೆಯವರಿಗೆ ಹೊಸತೊಡಕೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಊರೂರಲ್ಲಿ ಕುರಿ ಕಡಿದು, ಗುಡ್ಡೆ ಹಾಕಿ, ಪಾಲು ಹಂಚುವ ದಿನವದು. ಐದಕ್ಕಿಂತ ಹೆಚ್ಚು ಜನ ಸೇರಬಾರದೆಂಬ ಆದೇಶ ಕೈಯಲ್ಲಿ ಹಿಡಿದು, ಚೀಟಿ ಹಾಕಿ ತಿಂಗಳುಗಟ್ಟಲೆ ಹಣ ಕೂಡಿಸಿಟ್ಟ ಮನೆಗಳ ಮುಂದೆ ಆಟೊದಲ್ಲಿ ಮೈಕ್ ಕಟ್ಟಿಕೊಂಡು ಹೋದೆವು. ಜನ ಮೈಕಿನ ಮಾತನ್ನು ಗೌರವದಿಂದಲೇ ಕೇಳಿಸಿಕೊಂಡು, ಗುಡ್ಡೆಯನ್ನು ಊರಿನೊಳಗಿನ ಬಯಲಿನಿಂದ ತೋಟದ ಮರೆಗೆ ಸಾಗಿಸಿದರು. ಆದೇಶಕ್ಕೂ ಆಚರಣೆಗೂ ಎಷ್ಟು ದೂರವಿರುತ್ತದೆ ಎಂಬುದು ಮೊದಲ ಎರಡು ದಿನಗಳಲ್ಲೇ ತಿಳಿಯಿತು.

ಕಾನೂನಿನ ಪ್ರಕಾರ ಆ ದಿನಗಳ ಅಧಿಕಾರವೆಲ್ಲ ಜಿಲ್ಲಾಧಿಕಾರಿಯವರದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಜೊತೆಗಿತ್ತು, ಏಪ್ರಿಲ್‌ನಲ್ಲಿ ರಾಜ್ಯ ತನ್ನದೇ ಸುಗ್ರೀವಾಜ್ಞೆಯನ್ನೂ ತಂದಿತು. ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆ ವಹಿಸಬಹುದೆಂದು ಹೇಳುವ 29 ವಿಷಯಗಳಲ್ಲಿ ಆರೋಗ್ಯ ಮತ್ತು ನೈರ್ಮಲ್ಯ, ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಸೇರಿದಂತೆ, ಸ್ಪಷ್ಟವಾಗಿ ಇದೆ. ಆದರೆ ನಮ್ಮ ಆರೋಗ್ಯ ಕೇಂದ್ರದ ವೈದ್ಯರು ತಾಲ್ಲೂಕು ಆರೋಗ್ಯಾಧಿಕಾರಿಗೆ ಉತ್ತರ ಕೊಡಬೇಕು, ಗ್ರಾಮ ಲೆಕ್ಕಿಗರು ತಹಸೀಲ್ದಾರರಿಗೆ, ಬೀಟ್ ಪೊಲೀಸರು ಠಾಣೆಗೆ, ಅಂಗನವಾಡಿ ಕಾರ್ಯಕರ್ತೆ ಮತ್ತೊಂದು ಇಲಾಖೆಗೆ. ಇವರೆಲ್ಲರನ್ನೂ ಸೇರಿಸಿದ ಪಂಚಾಯಿತಿ ಮಟ್ಟದ ಕಾರ್ಯಪಡೆಗೆ ಅಧ್ಯಕ್ಷರು ಮುಖ್ಯಸ್ಥರು, ಪಿಡಿಒ ಸದಸ್ಯ ಕಾರ್ಯದರ್ಶಿ. ಆ ಪಡೆಯಲ್ಲಿ ನಾನು ನೇರವಾಗಿ ಆಜ್ಞೆ ಮಾಡಬಹುದಾಗಿದ್ದವರು ಬಿಲ್ ಕಲೆಕ್ಟರ್, ಕಂಪ್ಯೂಟರ್ ಆಪರೇಟರ್, ನೀರುಗಂಟಿಗಳು ಮತ್ತು ಸ್ವಚ್ಛತಾಗಾರರು ಮಾತ್ರ. ಉಳಿದವರನ್ನು ಕೇಳಿಕೊಳ್ಳಬೇಕಿತ್ತು.

ಸುತ್ತೋಲೆಗಳ ವಿಚಾರ ಹೇಳದೆ ಮುಂದೆ ಹೋಗುವಂತಿಲ್ಲ. ಕೇಂದ್ರದ ಗೃಹ ಇಲಾಖೆಯ ಮಾರ್ಗಸೂಚಿಯ ಮೇಲೆ ರಾಜ್ಯದ ಮಾರ್ಗಸೂಚಿ, ಅದರ ಮೇಲೆ ಆರೋಗ್ಯ ಇಲಾಖೆಯದು, ಕಂದಾಯ ಇಲಾಖೆಯದು, ನಮ್ಮದೇ ಗ್ರಾಮೀಣಾಭಿವೃದ್ಧಿ ಇಲಾಖೆಯದು, ಕೊನೆಗೆ ಜಿಲ್ಲಾಡಳಿತದ ನಡವಳಿ. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದ ಪಿಡಿಎಫ್ ಬೆಳಗಿನ ಆರಕ್ಕೆ ಜಾರಿಯಾಗಬೇಕು. ಹತ್ತು ಗಂಟೆಯ ವಿಡಿಯೊ ಸಂವಾದದಲ್ಲಿ ಅದರ ಪ್ರಗತಿ ಕೇಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಿದ್ದುಪಡಿ ಬಂದಿರುತ್ತದೆ. ಮೇಲಿನವರನ್ನು ದೂರುವ ಉದ್ದೇಶ ನನಗಿಲ್ಲ. ವೈರಾಣುವಿನ ಬಗ್ಗೆ ತಿಳಿವಳಿಕೆಯೇ ದಿನದಿನಕ್ಕೆ ಬದಲಾಗುತ್ತಿದ್ದಾಗ ನಿಯಮಗಳು ಬದಲಾಗದಿದ್ದರೆ ಅದೇ ತಪ್ಪಾಗುತ್ತಿತ್ತು. ಆದರೆ ಬದಲಾವಣೆಗೆ ಕಾರಣವೇನೆಂಬ ಒಂದು ಸಾಲು ಯಾವ ಸುತ್ತೋಲೆಯಲ್ಲಿಯೂ ಇರುತ್ತಿರಲಿಲ್ಲ. ನಿನ್ನೆ ಕ್ವಾರಂಟೈನ್ ಹದಿನಾಲ್ಕು ದಿನ ಎಂದವರು ಇಂದು ಏಳು ದಿನ ಎನ್ನುತ್ತೀರಲ್ಲ, ಯಾವುದು ನಿಜ ಎಂದು ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರು ಕೇಳಿದರೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ.

ಆ ಹದಿನಾಲ್ಕು ಮತ್ತು ಏಳರ ಲೆಕ್ಕ ಬಂದದ್ದು ಮುಂಬೈನಿಂದ ಮರಳಿದವರ ಕಾಲಕ್ಕೆ. ಮಂಡ್ಯ ಜಿಲ್ಲೆಯ ಉತ್ತರದ ತಾಲ್ಲೂಕುಗಳಿಗೂ ಮುಂಬೈಗೂ ಹಳೆಯ ನಂಟು. ಕೆ.ಆರ್. ಪೇಟೆ, ನಾಗಮಂಗಲ ಸೀಮೆಯ ಮಳೆಯಾಶ್ರಿತ ಊರುಗಳಿಂದ ಹೋಟೆಲು, ಚಹಾದಂಗಡಿ, ಟ್ಯಾಕ್ಸಿ ಎಂದು ಹೋದ ಕುಟುಂಬಗಳು ಅಲ್ಲಿ ಸಾವಿರಗಟ್ಟಲೆ ಇವೆ. 2020ರ ಮೇ ತಿಂಗಳಲ್ಲಿ ಅಂತರರಾಜ್ಯ ಸಂಚಾರಕ್ಕೆ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಪಾಸು ಕೊಡಲಾರಂಭಿಸಿದ ಕೂಡಲೇ ಅವರು ಊರ ಕಡೆ ಹೊರಟರು. ತಿಂಗಳ ನಡುವೆ ರಾಜ್ಯ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರನ್ನು ತಿಂಗಳ ಕೊನೆಯವರೆಗೆ ತಡೆಯುವ ತೀರ್ಮಾನ ಮಾಡಿತಾದರೂ ಅಷ್ಟರಲ್ಲಿ ನಮ್ಮ ಶಾಲೆಗಳೂ ವಿದ್ಯಾರ್ಥಿನಿಲಯಗಳೂ ತುಂಬಿದ್ದವು. ಮಂಡ್ಯ, ಯಾದಗಿರಿಯಂಥ ಜಿಲ್ಲೆಗಳ ಹೆಸರು ಪ್ರತಿ ಸಂಜೆಯ ಆರೋಗ್ಯ ಬುಲೆಟಿನ್‌ನಲ್ಲಿ ಮೇಲೇರಿದ್ದು ಆ ವಾರಗಳಲ್ಲಿ.

ಆದೇಶದಲ್ಲಿ ಇದ್ದದ್ದು ಇಷ್ಟೇ: ಹೊರರಾಜ್ಯದಿಂದ ಬಂದವರನ್ನು ಸಾಂಸ್ಥಿಕ ಕ್ವಾರಂಟೈನ್‌ನಲ್ಲಿ ಇರಿಸತಕ್ಕದ್ದು, ಊಟ ಮತ್ತು ಮೂಲಸೌಕರ್ಯ ಒದಗಿಸತಕ್ಕದ್ದು. ಪ್ರೌಢಶಾಲೆಯನ್ನು ಗುರುತಿಸಿ ಬೀಗ ತೆಗೆಯಲು ಹೋದಾಗ ಊರಿನ ಹಾದಿಗೆ ಜಾಲಿಯ ಮುಳ್ಳು ಎಳೆದು ಹಾಕಿದ್ದರು. ಅಡ್ಡ ನಿಂತವರಲ್ಲಿ ಬರುತ್ತಿದ್ದವರ ಸ್ವಂತ ದಾಯಾದಿಗಳೂ ಇದ್ದರು. ಅವರು ಒರಟರೇನೂ ಅಲ್ಲ. ಮನೆಯಲ್ಲಿ ದಮ್ಮಿನ ರೋಗಿಗಳಿದ್ದಾರೆ, ಬಾಣಂತಿಯಿದ್ದಾಳೆ, ಶಾಲೆಯ ಕೊಳವೆಬಾವಿಯ ನೀರೇ ಅರ್ಧ ಊರಿಗೆ ಹೋಗುತ್ತದೆ ಎನ್ನುವುದು ಅವರ ಭಯ. ನೀರಿನಿಂದ ಈ ರೋಗ ಹರಡುವುದಿಲ್ಲ ಎಂದು ಆರೋಗ್ಯ ಸಹಾಯಕಿ ಹೇಳಿದ ಮಾತು ಅವರಿಗೆ ನಾಟಲಿಲ್ಲ. ಪೊಲೀಸರನ್ನು ಕರೆಸಿ ಮುಳ್ಳು ತೆಗೆಸಬಹುದಿತ್ತು, ತಹಸೀಲ್ದಾರರು ಅದಕ್ಕೆ ಸಿದ್ಧರೂ ಇದ್ದರು. ಆದರೆ ಪೊಲೀಸರು ಹೋದ ಮೇಲೆ ಅಲ್ಲಿರುವವರಿಗೆ ಬೆಳಗ್ಗೆ ಹಾಲು ಕೊಡುವವರು, ರಾತ್ರಿ ಜ್ವರ ಬಂದರೆ ಬಾಡಿಗೆಗೆ ಬರುವ ಟೆಂಪೊದವರು ಅದೇ ಊರಿನವರೇ ಆಗಬೇಕಿತ್ತು.

ಅಂದು ದಾರಿ ತೆರೆಸಿದ್ದು ಊರಿನ ಇಬ್ಬರು ಹಳೆಯ ಯಜಮಾನರು ಮತ್ತು ಒಬ್ಬ ಪಂಚಾಯಿತಿ ಸದಸ್ಯರು. ಶಾಲೆಗೆ ಪ್ರತ್ಯೇಕ ಟ್ಯಾಂಕರ್ ನೀರು, ಹಿಂದಿನ ಗೇಟಿನಿಂದ ಮಾತ್ರ ಓಡಾಟ, ಅಡುಗೆ ಊರಿನೊಳಗೆ ಅಲ್ಲ ಎಂಬ ಮೂರು ಷರತ್ತಿಗೆ ಒಪ್ಪಿಸಿದರು. ಮೂರನೆಯ ಷರತ್ತು ನನಗೆ ಹಿಡಿಸಲಿಲ್ಲ, ಏಕೆಂದರೆ ಅಕ್ಷರ ದಾಸೋಹದ ಅಡುಗೆಮನೆ ಶಾಲೆಯ ಒಳಗೇ ಇತ್ತು. ಅದರ ಹಿಂದೆ ಭಯವಷ್ಟೇ ಅಲ್ಲ, ಅಡುಗೆ ಮಾಡಲು ಮುಂದೆ ಬಂದಿದ್ದ ಮಹಿಳೆಯ ಜಾತಿಯೂ ಇತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಷರತ್ತನ್ನು ಒಪ್ಪಿದಂತೆ ಮಾಡಿ, ಎರಡು ದಿನ ಹೊರಗಿನಿಂದ ಊಟ ತರಿಸಿ, ಮೂರನೆಯ ದಿನ ಮಳೆಯ ನೆಪದಲ್ಲಿ ಶಾಲೆಯ ಒಲೆ ಹಚ್ಚಿಸಿದೆವು. ಮುಂಬೈನಿಂದ ಬಂದವರಲ್ಲಿ ಕೆಲವರು ಅಲ್ಲಿಯೂ ತಟ್ಟೆ ಮುಟ್ಟಲಿಲ್ಲ; ಹಸಿವು ಆ ಜಗಳವನ್ನು ಎರಡು ಹೊತ್ತಿಗಿಂತ ಹೆಚ್ಚು ಬಾಳಗೊಡಲಿಲ್ಲ.

ಹಣದ ಸಂಗತಿ ಇನ್ನೂ ವಿಚಿತ್ರವಾಗಿತ್ತು. ಪಂಚಾಯಿತಿ ಖಾತೆಯಲ್ಲಿ ಹಣ ಇಲ್ಲವೇ ಇಲ್ಲ ಎನ್ನುವಂತಿರಲಿಲ್ಲ. ಆದರೆ 15ನೇ ಹಣಕಾಸು ಆಯೋಗದ ಅನುದಾನದ ಅರ್ಧ ಭಾಗ ಆ ವರ್ಷ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಉಳಿದರ್ಧ ಬಳಸಲು ಕ್ರಿಯಾಯೋಜನೆಗೆ ಮಂಜೂರಾತಿ ಬೇಕು. ಸೋಡಿಯಂ ಹೈಪೋಕ್ಲೋರೈಟ್ ನೈರ್ಮಲ್ಯದಡಿ ಬರುತ್ತದೆ, ಅದನ್ನು ಕೊಳ್ಳಬಹುದು. ಅಕ್ಕಿ ಬೇಳೆ ಬರುವುದಿಲ್ಲ. ಊಟದ ವೆಚ್ಚವನ್ನು ಕಂದಾಯ ಇಲಾಖೆ ವಿಪತ್ತು ನಿಧಿಯಿಂದ ಭರಿಸುತ್ತದೆ ಎಂದರು, ಆದರೆ ಅದು ನಂತರದ ಮಾತು. ಆ ಹೊತ್ತಿನ ದಿನಸಿ ಬಂದದ್ದು ಸಂತೆಪೇಟೆಯ ಒಬ್ಬ ವರ್ತಕರ ಸಾಲದ ಪುಸ್ತಕದಿಂದ, ತರಕಾರಿ ಬಂದದ್ದು ಲಾಕ್‌ಡೌನ್‌ನಲ್ಲಿ ಮಾರಾಟವಾಗದೆ ಹೊಲದಲ್ಲೇ ಕೊಳೆಯುತ್ತಿದ್ದ ಎಲೆಕೋಸು ಟೊಮೆಟೊಗಳಿಂದ. ಯಾವುದೇ ಪಂಚಾಯಿತಿಯ ಅಂದಿನ ಲೆಕ್ಕಪತ್ರ ತೆಗೆದು ನೋಡಿದರೆ ಕ್ರಿಮಿನಾಶಕ ಸಿಂಪಡಣೆಯ ಬಿಲ್ಲುಗಳೇ ದಪ್ಪನಾಗಿ ಕಾಣುತ್ತವೆ. ಬೀದಿಗೆ ದ್ರಾವಣ ಹೊಡೆಯುವುದರಿಂದ ರೋಗಕ್ಕೆ ಎಷ್ಟು ತಡೆಯಾಯಿತು ಎಂಬ ಬಗ್ಗೆ ನನಗೆ ಆಗಲೂ ಭರವಸೆ ಇರಲಿಲ್ಲ. ಖರ್ಚು ಮಾಡಲು ಅನುಮತಿ ಇದ್ದದ್ದು ಅದಕ್ಕೆ, ಜನರ ಕಣ್ಣಿಗೆ ಕಾಣುತ್ತಿದ್ದದ್ದೂ ಅದೇ.

ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರಿಂದ ಎಂದು ನಿಗದಿಯಾಯಿತು. ಕ್ವಾರಂಟೈನ್ ಆಗಿದ್ದ ಶಾಲೆಯೇ ನಮ್ಮ ಹೋಬಳಿಯ ಪರೀಕ್ಷಾ ಕೇಂದ್ರ. ಜನರನ್ನು ತೆರವು ಮಾಡಿಸಿ, ಕೊಠಡಿ ತೊಳೆಸಿ, ಬೆಂಚಿಗೊಬ್ಬರಂತೆ ಕೂರಲು ಗುರುತು ಹಾಕಿಸಿದ ಮೇಲೂ ಪೋಷಕರನ್ನು ಒಪ್ಪಿಸುವ ಕೆಲಸ ಶಿಕ್ಷಕರ ಹೆಗಲಿಗೆ ಬಿತ್ತು. ಪರೀಕ್ಷೆ ನಡೆಸಬಾರದಿತ್ತು ಎನ್ನುವವರು ಆಗ ಬಹಳ ಮಂದಿ ಇದ್ದರು. ಫಲಿತಾಂಶವಿಲ್ಲದೆ ಹುಡುಗಿಯರ ಓದು ಅಲ್ಲಿಗೇ ನಿಂತು ಮದುವೆ ಗೊತ್ತಾಗುವ ನಮ್ಮಂಥ ಕಡೆ ಅದು ನಡೆದದ್ದೇ ಒಳ್ಳೆಯದಾಯಿತೆಂದು ನಾನು ಈಗಲೂ ಭಾವಿಸುತ್ತೇನೆ.

ಆ ದಿನಗಳಲ್ಲಿ ಯಾವ ತಕರಾರೂ ಇಲ್ಲದೆ ನಡೆದ ಒಂದೇ ಕೆಲಸ ಉದ್ಯೋಗ ಖಾತ್ರಿ. ಕೂಲಿ ಆ ವರ್ಷ ದಿನಕ್ಕೆ 275 ರೂಪಾಯಿ ಆಗಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಬಂದ ಹೆಣ್ಣುಮಕ್ಕಳು, ಡಿಪ್ಲೊಮಾ ಓದಿದ ಹುಡುಗರು, ಹಿಂದೆಂದೂ ಜಾಬ್ ಕಾರ್ಡ್ ಕೇಳದಿದ್ದ ಮನೆಯವರು ಕೆಲಸ ಕೇಳುವ ಅರ್ಜಿಯಾದ ನಮೂನೆ ಆರು ಹಿಡಿದು ಸಾಲು ನಿಂತರು. ಬದು, ಕೃಷಿಹೊಂಡ, ಕೆರೆ ಹೂಳು ಎಂದು ಕೆಲಸ ಕೊಟ್ಟೆವು. ಸರ್ಕಾರದ ಬೇರೆ ಯಾವ ಮಾತನ್ನೂ ನಂಬದಿದ್ದವರು ಖಾತೆಗೆ ಜಮೆಯಾದ ಕೂಲಿಯನ್ನು ನಂಬಿದರು. ಕೆಲಸದ ಜಾಗದಲ್ಲಿ ಮಾಸ್ಕ್ ಹಾಕಿ ಎಂದರೆ ಹಾಕುತ್ತಿದ್ದರು, ಊರೊಳಗೆ ಬಂದರೆ ತೆಗೆಯುತ್ತಿದ್ದರು.

ಜುಲೈ ಹೊತ್ತಿಗೆ ಸದಸ್ಯರ ಐದು ವರ್ಷದ ಅವಧಿ ಮುಗಿಯಿತು. ಚುನಾವಣೆ ಮುಂದೂಡಿಕೆಯಾಗಿತ್ತು; ಸರ್ಕಾರ ತಾಲ್ಲೂಕು ಮಟ್ಟದ ಅಧಿಕಾರಿಗಳನ್ನು ಆಡಳಿತಾಧಿಕಾರಿಗಳಾಗಿ ನೇಮಿಸಿತು. ನಮಗೆ ಬಂದವರು ಸಜ್ಜನರು, ಕಡತ ಓದಿ ಸಹಿ ಹಾಕುವವರು. ಆದರೆ ಅವರಿಗೆ ಸ್ವಂತ ಇಲಾಖೆಯ ಕೆಲಸದ ಮೇಲೆ ಇನ್ನೂ ಹಲವು ಪಂಚಾಯಿತಿಗಳ ಹೊಣೆ ಇತ್ತು. ರಾಜ್ಯದಲ್ಲಿ ಸೋಂಕು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ತುತ್ತತುದಿಗೆ ಏರಿದಾಗ ಬಹುತೇಕ ಗ್ರಾಮ ಪಂಚಾಯಿತಿಗಳಲ್ಲಿ ಚುನಾಯಿತರೊಬ್ಬರೂ ಇರಲಿಲ್ಲ. ಸೆಪ್ಟೆಂಬರ್ 10ರಂದು ಬಿಬಿಎಂಪಿಯ ಕೌನ್ಸಿಲ್ ಅವಧಿಯೂ ಮುಗಿದು ಬೆಂಗಳೂರಿಗೂ ಅದೇ ಗತಿ ಬಂತು. ರೋಗದ ನಡುವೆ ಚುನಾವಣೆ ಬೇಡವೆಂಬ ವಾದದಲ್ಲಿ ಅರ್ಥವಿತ್ತು. ಅದರ ಬೆಲೆ ಮಾತ್ರ ಬೆಂಗಳೂರಿನಲ್ಲಿ ಕೂತವರಿಗೆ ಕಾಣುವಂಥದ್ದಾಗಿರಲಿಲ್ಲ.

ಆ ಬೆಲೆ ಏನೆಂದರೆ, ಊರಿನಲ್ಲಿ ಏನಾಗುತ್ತಿದೆ ಎಂಬುದು ನಮಗೆ ತಿಳಿಯುವುದು ನಿಂತುಹೋಯಿತು. ಸದಸ್ಯರಿದ್ದಾಗ ಯಾರ ಮನೆಗೆ ಯಾರು ಬಂದರು, ಯಾರು ಕೆಮ್ಮುತ್ತಿದ್ದಾರೆ, ಯಾವ ಮದುವೆ ತೋಟದ ಮನೆಯಲ್ಲಿ ಗುಟ್ಟಾಗಿ ನಡೆಯುತ್ತಿದೆ ಎಂಬುದು ಫೋನಿನಲ್ಲಿ ತಿಳಿಯುತ್ತಿತ್ತು, ಚಾಡಿಯ ರೂಪದಲ್ಲಾದರೂ ಸರಿಯೇ. ಈಗ ಉಳಿದವರು ಆಶಾ ಕಾರ್ಯಕರ್ತೆಯರು ಮಾತ್ರ. ರಾಜ್ಯದ ಸುಮಾರು 42,000 ಆಶಾಗಳು ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿಗಾಗಿ ಕೆಲಸ ನಿಲ್ಲಿಸಿ ಹೋರಾಟಕ್ಕೆ ಇಳಿದಾಗ ಅದೂ ಇಲ್ಲವಾಯಿತು. ಅವರ ಬೇಡಿಕೆ ನ್ಯಾಯವಾದದ್ದು. ಮನೆಮನೆಗೆ ಹೋಗಿ ಜ್ವರ ಕೇಳುವ, ಬೈಗುಳ ತಿನ್ನುವ, ಸಂಜೆ ಆ್ಯಪ್‌ಗೆ ಅಂಕಿ ತುಂಬುವ ಹೆಂಗಸಿಗೆ ನಾವು ಕೊಟ್ಟದ್ದು ಒಂದು ಬಟ್ಟೆಯ ಮಾಸ್ಕು ಮತ್ತು ಚಪ್ಪಾಳೆ. ಆ ವಾರಗಳಲ್ಲಿ ನಾನು ಕಳಿಸಿದ ದೈನಂದಿನ ವರದಿಗಳು ಅಚ್ಚುಕಟ್ಟಾಗಿಯೇ ಇದ್ದವು. ಅವುಗಳಿಂದ ಊರಿನ ಸ್ಥಿತಿ ತಿಳಿಯುತ್ತಿತ್ತು ಎಂದು ಹೇಳಲಾರೆ. ಸೀಲ್‌ಡೌನ್ ಮಾಡಿದ ಮನೆಗಳ ಮುಂದೆ ತಗಡು ಬಡಿಯುವ, ಕೆಂಪು ಪಟ್ಟಿ ಕಟ್ಟುವ ಪದ್ಧತಿಯಿಂದಾಗಿ ಜನ ಪರೀಕ್ಷೆಗೆ ಬರುವುದನ್ನೇ ಬಿಟ್ಟರು. ರೋಗಕ್ಕಿಂತ ತಗಡಿಗೆ ಹೆಚ್ಚು ಹೆದರಿದ್ದರು.

ಹೈಕೋರ್ಟ್ ನವೆಂಬರ್‌ನಲ್ಲಿ ಚುನಾವಣೆ ನಡೆಸುವಂತೆ ಸೂಚಿಸಿದ ಮೇಲೆ ಡಿಸೆಂಬರ್ 22 ಮತ್ತು 27ರಂದು ಮತದಾನವಾಯಿತು, 30ರಂದು ಎಣಿಕೆ. ಸೋಂಕಿತರಿಗೆ ಕೊನೆಯ ಒಂದು ಗಂಟೆ ಮೀಸಲಿಟ್ಟು ಮತಗಟ್ಟೆ ನಡೆಸಿದ ಅನುಭವವನ್ನೇ ಬೇರೆಯಾಗಿ ಬರೆಯಬೇಕು. ನಮ್ಮ ಪಂಚಾಯಿತಿಗೆ ಅಧ್ಯಕ್ಷರಾಗಿ ಬಂದವರು ಮೀಸಲು ಸ್ಥಾನದಿಂದ ಗೆದ್ದ, ಸ್ತ್ರೀಶಕ್ತಿ ಸಂಘದಲ್ಲಿ ಹತ್ತಾರು ವರ್ಷ ಲೆಕ್ಕ ಬರೆದ, ಕೂಲಿಗೂ ಹೋಗುತ್ತಿದ್ದ ಹೆಣ್ಣುಮಗಳು. ಅವರಿಗೆ ತರಬೇತಿ ಮುಗಿಯುವ ಮೊದಲೇ ಎರಡನೆಯ ಅಲೆ ಬಂತು.

2021ರ ಏಪ್ರಿಲ್ 26ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಮರುದಿನ ರಾತ್ರಿ ಒಂಬತ್ತರಿಂದ ಹದಿನಾಲ್ಕು ದಿನಗಳ ಕರ್ಫ್ಯೂ ಘೋಷಿಸಿದರು. ಒಂದು ದಿನದ ಆ ಬಿಡುವಿನಲ್ಲಿ ಬೆಂಗಳೂರು ಖಾಲಿಯಾದಂತೆ ತುಮಕೂರು ರಸ್ತೆಯಲ್ಲೂ ಮೈಸೂರು ರಸ್ತೆಯಲ್ಲೂ ಜನ ಊರುಗಳತ್ತ ಬಂದರು. ಹಿಂದಿನ ವರ್ಷ ಮುಂಬೈನವರನ್ನು ತಡೆದಂತೆ ಇವರನ್ನು ತಡೆಯುವವರಿರಲಿಲ್ಲ, ಏಕೆಂದರೆ ಬಂದವರು ಪ್ರತಿ ಮನೆಯ ಮಕ್ಕಳು. ಹತ್ತು ದಿನಗಳೊಳಗೆ ಊರಿನಲ್ಲಿ ಜ್ವರವಿಲ್ಲದ ಬೀದಿ ಇರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ಇದು ಮಾಮೂಲಿ ಜ್ವರ, ಸುಮ್ಮನೆ ಮೂಗಿಗೆ ಕಡ್ಡಿ ಹಾಕಿಸಿಕೊಂಡರೆ ಹಿಡಿದುಕೊಂಡು ಹೋಗುತ್ತಾರೆ.

ಅಧ್ಯಕ್ಷರು ಕಾರ್ಯಪಡೆಯ ಮೊದಲ ಸಭೆಯಲ್ಲಿ ನನ್ನ ಪಟ್ಟಿಯನ್ನು ಬದಿಗಿಟ್ಟು, ಪ್ರತಿ ಸದಸ್ಯರೂ ತಮ್ಮ ತಮ್ಮ ಬೀದಿಯ ಮನೆಗಳಿಗೆ ಆಶಾ ಜೊತೆ ಹೋಗಬೇಕು, ಹೋಗದಿದ್ದವರ ಹೆಸರನ್ನು ನಡವಳಿಯಲ್ಲಿ ಬರೆಯಿರಿ ಎಂದರು. ನಾನು ಒಂದು ವರ್ಷ ಆದೇಶದ ಭಾಷೆಯಲ್ಲಿ ಹೇಳಿ ಮಾಡಿಸಲಾಗದ ಕೆಲಸ ಅದರಿಂದ ನಡೆಯಿತು. ಓಟು ಕೇಳಲು ನಾಲ್ಕು ತಿಂಗಳ ಹಿಂದೆ ಬಂದಿದ್ದವರು ಮತ್ತೆ ಬಾಗಿಲಿಗೆ ಬಂದಾಗ ಜನ ಬಾಗಿಲು ಹಾಕಿಕೊಳ್ಳಲಿಲ್ಲ. ಬೈದರು, ಆದರೆ ಬೈಯುತ್ತಲೇ ಮನೆಯಲ್ಲಿ ಎಷ್ಟು ಜನಕ್ಕೆ ಜ್ವರ ಎಂದು ಹೇಳಿದರು. ಪಲ್ಸ್ ಆಕ್ಸಿಮೀಟರ್ ಹಿಡಿದು ಹೋದ ಸದಸ್ಯರೊಬ್ಬರು ತೊಂಬತ್ತಕ್ಕಿಂತ ಕೆಳಗಿದ್ದ ತಮ್ಮ ಚುನಾವಣಾ ಎದುರಾಳಿಯನ್ನು ಸ್ವಂತ ಕಾರಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಅದಕ್ಕೆ ರಾಜಕೀಯದ ಲೆಕ್ಕವೂ ಇದ್ದಿರಬಹುದು. ಇದ್ದರೆ ಇರಲಿ.

ಚುನಾಯಿತರು ಬಂದದ್ದರಿಂದ ಎಲ್ಲವೂ ಹಸನಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಲಸಿಕೆಯ ವಿಷಯದಲ್ಲಿ ಅವರಿಂದಲೇ ಕಷ್ಟವಾಯಿತು. ಮಾರ್ಚ್‌ನಲ್ಲಿ 60 ದಾಟಿದವರಿಗೆ ಕರೆದು ಕೊಟ್ಟರೂ ಬಾರದಿದ್ದ ಊರು, ಮೇ ತಿಂಗಳಲ್ಲಿ ಸಾವುಗಳನ್ನು ಕಂಡ ಮೇಲೆ ಆರೋಗ್ಯ ಕೇಂದ್ರದ ಮುಂದೆ ನಸುಕಿನಲ್ಲೇ ಚಪ್ಪಲಿ ಸಾಲಿಟ್ಟಿತು. 18 ದಾಟಿದವರಿಗೆ ಮೇ 1ರಿಂದ ಎಂದು ಘೋಷಣೆಯಾಗಿ, ದಾಸ್ತಾನಿಲ್ಲದೆ ರಾಜ್ಯದಲ್ಲಿ ಅದು ಮೇ ನಡುವಿನಲ್ಲಿ ನಿಂತಿತು. ಕೋವಿಶೀಲ್ಡ್‌ನ ಎರಡು ಡೋಸುಗಳ ಅಂತರ 12ರಿಂದ 16 ವಾರಕ್ಕೆ ಏರಿತು. ಲಸಿಕೆಯ ಜಾಲತಾಣ ಕೋವಿನ್‌ನಲ್ಲಿ ನೋಂದಾಯಿಸಿಕೊಂಡ ಪಟ್ಟಣದ ಹುಡುಗರು ಕಾರಿನಲ್ಲಿ ಬಂದು ನಮ್ಮ ಕೇಂದ್ರದಲ್ಲಿ ಚುಚ್ಚಿಸಿಕೊಂಡು ಹೋಗುವುದನ್ನು ಟೋಕನ್ ಸಿಗದ ಊರಿನವರು ನೋಡುತ್ತ ನಿಂತರು. ಇದ್ದ ಟೋಕನ್‌ಗಳನ್ನು ಸದಸ್ಯರು ತಮ್ಮ ಬೀದಿಗೆ, ತಮ್ಮ ಕಡೆಯವರಿಗೆ ಹಂಚಲು ಹೊರಟರು. ಎರಡು ದಿನ ಜಗಳವಾಗಿ, ಕೊನೆಗೆ ಮತದಾರರ ಪಟ್ಟಿ ಹಿಡಿದು, ವಯಸ್ಸಿನ ಇಳಿಕೆಯಂತೆ ಹೆಸರು ಓದುವುದೆಂದು ಅಧ್ಯಕ್ಷರೇ ತೀರ್ಮಾನಿಸಿದರು. ಆ ಪಟ್ಟಿಯಲ್ಲಿ ಸ್ವತಃ ಅವರ ಗಂಡನ ಸರದಿ ಬಹಳ ಕೆಳಗಿತ್ತು, ಅದರಿಂದಾಗಿಯೇ ತೀರ್ಮಾನ ನಿಂತಿತು.

ಮೇ ಮೊದಲ ವಾರದ ಭಯವನ್ನು ಅಂಕಿಗಳಲ್ಲಿ ಹೇಳುವುದು ಕಷ್ಟ. ಮೇ 2ರ ರಾತ್ರಿ ನೆರೆಯ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದ ದುರಂತದಲ್ಲಿ ಮೊದಲು ಹೊರಬಂದ ಸಾವಿನ ಸಂಖ್ಯೆ 24. ಮೇ 5ರಂದು ರಾಜ್ಯದ ಪಾಲಿನ ಆಮ್ಲಜನಕವನ್ನು ದಿನಕ್ಕೆ 965 ಟನ್‌ನಿಂದ 1,200 ಟನ್‌ಗೆ ಏರಿಸುವಂತೆ ಹೈಕೋರ್ಟ್ ಕೇಂದ್ರಕ್ಕೆ ಆದೇಶಿಸಿತು, ಎರಡು ದಿನಗಳ ನಂತರ ಅದಕ್ಕೆ ತಡೆ ಕೊಡಲು ಸುಪ್ರೀಂ ಕೋರ್ಟ್ ನಿರಾಕರಿಸಿತು. ಒಂದು ರಾಜ್ಯ ಸರ್ಕಾರಕ್ಕೇ ಉಸಿರಿನ ಪಾಲು ಕೋರ್ಟಿನ ಮೂಲಕ ಬರಬೇಕಾದ ಆ ವಾರ, ಹಾಸಿಗೆ ಕೊಡಿಸಿ ಎಂದು ರಾತ್ರಿ ನನಗೆ ಫೋನ್ ಮಾಡುತ್ತಿದ್ದವರಿಗೆ ನಾನು ವಾರ್ ರೂಮಿನ ನಂಬರ್ ಕೊಡುತ್ತಿದ್ದೆ, ಆ ನಂಬರ್‌ನವರು ಪರೀಕ್ಷೆಗೆ ಮಾದರಿ ಕೊಟ್ಟಾಗ ಸಿಗುವ ರೋಗಿಯ ಎಸ್‌ಆರ್‌ಎಫ್ ಸಂಖ್ಯೆ ಕೇಳುತ್ತಿದ್ದರು, ಪರೀಕ್ಷೆಯ ಫಲಿತಾಂಶ ಬಾರದೆ ಅದರಿಂದ ಪ್ರಯೋಜನವಿರಲಿಲ್ಲ. ಚಾಮರಾಜನಗರದ ಸುದ್ದಿಯ ನಂತರ ಆಸ್ಪತ್ರೆಗೆ ಹೋಗೋಣವೆಂದರೆ ನಮ್ಮವರು ಬೇಡ, ಮನೆಯಲ್ಲೇ ಸಾಯುತ್ತೇವೆ ಎಂದರು.

ಹಳ್ಳಿಯ ಸೋಂಕಿತರನ್ನು ಮನೆಯಲ್ಲಿ ಬಿಡದೆ ಕೋವಿಡ್ ಆರೈಕೆ ಕೇಂದ್ರಕ್ಕೆ ಸೇರಿಸಬೇಕೆಂದು ಸರ್ಕಾರ ಒತ್ತಿ ಹೇಳಿದ್ದು ಆಗಲೇ. ಒಂದೇ ಕೋಣೆಯ ಮನೆಗಳಿಗೆ ಅದು ಸರಿಯಾದ ತೀರ್ಮಾನ. ನಮಗೆ ಹತ್ತಿರದ ಹಾಸ್ಟೆಲಿನಲ್ಲಿ ಕೇಂದ್ರ ತೆರೆದರು, ಹೋಗುವವರಿರಲಿಲ್ಲ. ಹಸು ಕರೆಯುವವರು ಯಾರು, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವವರು ಯಾರು ಎಂಬುದು ಪ್ರತಿ ಮನೆಯ ಪ್ರಶ್ನೆ. ಸದಸ್ಯರು ಮತ್ತು ಸಂಘದ ಹೆಂಗಸರು ಸೇರಿ, ಹೋದವರ ಮನೆಯ ಹಾಲನ್ನು ಪಕ್ಕದ ಮನೆಯವರು ಕರೆದು ಡೇರಿಗೆ ಹಾಕಿ, ಬಟವಾಡೆ ಮಾತ್ರ ಅವರ ಖಾತೆಗೇ ಬರುವಂತೆ ಒಪ್ಪಂದ ಮಾಡಿಸಿದರು. ಯಾವ ಮಾರ್ಗಸೂಚಿಯಲ್ಲಿಯೂ ಹಸುವಿನ ಪ್ರಸ್ತಾಪ ಇರಲಿಲ್ಲ. ಅದು ಬಗೆಹರಿದ ಮೇಲೆ ಹಾಸ್ಟೆಲಿನ ಹಾಸಿಗೆಗಳು ಭರ್ತಿಯಾದವು. ತಿಂಗಳ ಕೊನೆಯಲ್ಲಿ ‘ವೈದ್ಯರ ನಡೆ ಹಳ್ಳಿಯ ಕಡೆ’ ಎಂದು ವಾಹನದಲ್ಲಿ ವೈದ್ಯರು ಬರತೊಡಗಿದಾಗ ರ್‍ಯಾಪಿಡ್ ಪರೀಕ್ಷೆಗೆ ಜನ ತಾವಾಗಿಯೇ ಕುಳಿತರು.

ಮೇ 19ರ ಪರಿಹಾರ ಪ್ಯಾಕೇಜಿನಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿಗೆ ತಲಾ 50,000 ರೂಪಾಯಿ ಮುಂಗಡ ಎಂದು ಘೋಷಣೆಯಾಯಿತು. ಕೇಂದ್ರವೂ ಅದೇ ತಿಂಗಳು 25 ರಾಜ್ಯಗಳ ಗ್ರಾಮೀಣ ಸಂಸ್ಥೆಗಳಿಗೆ 8,923.8 ಕೋಟಿ ರೂಪಾಯಿ ಮುಂಗಡವಾಗಿ ಬಿಡುಗಡೆ ಮಾಡಿತು. ಹಲವು ಊರುಗಳಿರುವ ಪಂಚಾಯಿತಿಗೆ 50,000 ಎಂದರೆ ಆಕ್ಸಿಮೀಟರ್, ಥರ್ಮಾಮೀಟರ್, ಮಾತ್ರೆಯ ಕಿಟ್, ಆಂಬುಲೆನ್ಸ್ ಬದಲಿಗೆ ಓಡಿದ ಬಾಡಿಗೆ ಕಾರಿನ ಡೀಸೆಲ್, ಅಷ್ಟಕ್ಕೆ ಮುಗಿಯಿತು. ಮೊತ್ತಕ್ಕಿಂತ ದೊಡ್ಡ ತೊಡಕು ಸಹಿಯದು. ಪಾವತಿಗೆ ಅಧ್ಯಕ್ಷರ ಮತ್ತು ನನ್ನ ಡಿಜಿಟಲ್ ಸಹಿ ಎರಡೂ ಬೇಕು. ಹೊಸ ಅಧ್ಯಕ್ಷರ ಕೀ ಸಿದ್ಧವಾಗಿ ಬಂದರೂ ತಂತ್ರಾಂಶದಲ್ಲಿ ಹಳೆಯ ಆಡಳಿತಾಧಿಕಾರಿಯ ಹೆಸರು ಅಳಿಸಿರಲಿಲ್ಲ. ಅಳಿಸಬೇಕಾದ ಕಚೇರಿಯ ಸಿಬ್ಬಂದಿಯಲ್ಲಿ ಅರ್ಧದಷ್ಟು ಜನ ಸೋಂಕಿತರು. ಖಾತೆಯಲ್ಲಿ ಹಣವಿಟ್ಟುಕೊಂಡು ಅಧ್ಯಕ್ಷರು ಸಂಘದಿಂದ ಕೈಸಾಲ ತಂದು ಮಾತ್ರೆ ಕೊಂಡರು.

ಸಾವುಗಳ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಮೊದಲ ವರ್ಷ ಶವದ ಬಳಿ ಹೋಗಲು ಹೆದರಿದ್ದ ಊರಿನವರು ಎರಡನೆಯ ವರ್ಷ ಪಿಪಿಇ ಕಿಟ್ ತೊಟ್ಟು ಸ್ವಂತ ಹೊಲಗಳಲ್ಲೇ ಸಂಸ್ಕಾರ ಮಾಡಿದರು. ಸ್ಮಶಾನ ಜಾಗವಿಲ್ಲದ ಕಾಲೊನಿಯವರಿಗೆ ಕೆರೆಯಂಚಿನ ಸರ್ಕಾರಿ ಜಮೀನು ಬಿಡಿಸಿಕೊಡಲು ಕಂದಾಯದವರೊಡನೆ ನಡೆಸಿದ ಮಾತುಕತೆ ಇಂದಿಗೂ ಕಹಿ. ಜೂನ್‌ನಲ್ಲಿ ಸರ್ಕಾರ ಬಿಪಿಎಲ್ ಕುಟುಂಬದ ದುಡಿಯುವ ಸದಸ್ಯರು ಕೋವಿಡ್‌ನಿಂದ ಸತ್ತಿದ್ದರೆ ಒಂದು ಲಕ್ಷ ರೂಪಾಯಿ ಪರಿಹಾರ ಪ್ರಕಟಿಸಿತು, ಆಮೇಲೆ ವಿಪತ್ತು ನಿಧಿಯಿಂದ 50,000 ರೂಪಾಯಿ ಸೇರಿತು. ಅರ್ಜಿಗಳು ಬಂದಾಗ ಮೊದಲ ವರ್ಷದ ತಗಡಿನ ಫಲ ಎದುರಾಯಿತು. ಪರೀಕ್ಷೆಯನ್ನೇ ಮಾಡಿಸಿಕೊಳ್ಳದೆ ಸತ್ತವರಿಗೆ ಪಾಸಿಟಿವ್ ವರದಿ ಎಲ್ಲಿಂದ ತರುವುದು? ಸಿ.ಟಿ. ಸ್ಕ್ಯಾನ್ ಚೀಟಿ, ಖಾಸಗಿ ವೈದ್ಯರ ಔಷಧ ಚೀಟಿ, ಕಾರ್ಯಪಡೆಯ ಭೇಟಿ ಪುಸ್ತಕದಲ್ಲಿ ಸದಸ್ಯರು ಬರೆದಿದ್ದ ಜ್ವರದ ದಿನಾಂಕ, ಇವನ್ನೆಲ್ಲ ಲಗತ್ತಿಸಿ ಜಿಲ್ಲಾ ಸಮಿತಿಗೆ ಕಳಿಸಿದೆವು. ಕೆಲವು ಒಪ್ಪಿಗೆಯಾದವು. 2020ರ ಸಾವುಗಳಿಗೆ ಅಂಥ ಪುಸ್ತಕವೇ ಇರಲಿಲ್ಲ, ಬರೆಯುವವರು ಯಾರೂ ಆಗ ಬೀದಿಯಲ್ಲಿರಲಿಲ್ಲ.

2022ರ ಜನವರಿಯ ಮೂರನೆಯ ಅಲೆ ನಮ್ಮಲ್ಲಿ ಸದ್ದಿಲ್ಲದೆ ಬಂದು ಹೋಯಿತು. ಅದಾದ ಮೇಲೆ ಲೆಕ್ಕ ಪರಿಶೋಧನೆಯವರು ಬಂದರು. ಕ್ವಾರಂಟೈನ್ ದಿನಸಿಗೆ ಮೂರು ದರಪಟ್ಟಿ ಏಕೆ ಪಡೆದಿಲ್ಲ, ಬಾಡಿಗೆ ಕಾರಿಗೆ ಲಾಗ್ ಪುಸ್ತಕ ಎಲ್ಲಿ, ತರಕಾರಿ ಸ್ವೀಕೃತಿಗೆ ದಾಸ್ತಾನು ವಹಿಯಲ್ಲಿ ನಮೂದು ಏಕಿಲ್ಲ ಎಂದು ಆಕ್ಷೇಪಣೆಗಳು ಬಂದವು. ದಾನವಾಗಿ ಬಂದ ಎಲೆಕೋಸಿಗೆ ದರಪಟ್ಟಿ ಇರುವುದಿಲ್ಲ ಎಂದು ನಾನು ಬರೆದ ಉತ್ತರವನ್ನು ಒಪ್ಪಿಕೊಂಡರು, ಕಾರಿನದನ್ನು ಒಪ್ಪಲಿಲ್ಲ. ಅಧ್ಯಕ್ಷರು ಆ ವಿಷಯವನ್ನು ಸಾಮಾನ್ಯ ಸಭೆಗೆ ತಂದು, ಕಾರು ಯಾವ ರಾತ್ರಿ ಯಾರನ್ನು ಎಲ್ಲಿಗೆ ಕರೆದೊಯ್ಯಿತು ಎಂಬುದನ್ನು ಸದಸ್ಯರಿಂದ ಒಬ್ಬೊಬ್ಬರಾಗಿ ಹೇಳಿಸಿ, ನಡವಳಿಯಲ್ಲಿ ದಾಖಲಿಸಿ, ಅದರ ನಕಲನ್ನೇ ಲಾಗ್ ಪುಸ್ತಕದ ಬದಲಿಗೆ ಕಳಿಸಿದರು. ನಾನು ಅಲ್ಲಿಂದ ವರ್ಗವಾಗುವ ಹೊತ್ತಿಗೆ ಆ ಆಕ್ಷೇಪಣೆ ಇನ್ನೂ ಇತ್ಯರ್ಥವಾಗಿರಲಿಲ್ಲ.